ತುಂಬುವಾಗ ಚೆನ್ನಾಗಿತ್ತು, ತಿಂಗಳಿಗೆ ಬೆಣ್ಣೆ ವಾಸನೆ: ನಾಲ್ಕು ಬ್ಯಾಚ್ ಬಿಯರ್‌ನ ರಿಪೇರಿ ದಾಖಲೆ

ಮನೆಯಲ್ಲಿ ಮಾಡಿದ ಬಿಯರ್ ಬಾಟಲಿಗೆ ತುಂಬುವ ದಿನ ರುಚಿ ನೋಡಿದ್ರೆ ಚೆನ್ನಾಗಿತ್ತು. ಎರಡು ವಾರಕ್ಕೆ ಗ್ಯಾಸ್ ಕೂತ ಮೇಲೂ ಚೆನ್ನಾಗಿತ್ತು. ನಾಲ್ಕನೇ ವಾರಕ್ಕೆ ಬೆಣ್ಣೆ ವಾಸನೆ, ಆರನೇ ವಾರಕ್ಕೆ ಅದರ ಜೊತೆ ಹುಳಿ. ಇದೇ ಕಥೆ ಒಂದಾದ ಮೇಲೊಂದು ಬ್ಯಾಚ್‌ನಲ್ಲಿ ನಡೆಯಿತು. ಕಾರಣ ಸಿಗೋ ಹೊತ್ತಿಗೆ ಏಳು ತಿಂಗಳು ಹೋಯಿತು, 68 ಬಾಟಲಿ ಬಿಯರ್ ಚರಂಡಿ ಪಾಲಾಯಿತು. ಆಗ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡದ್ದನ್ನೇ ಸರಿಪಡಿಸಿ ಇಲ್ಲಿ ಹಾಕುತ್ತಿದ್ದೇನೆ. ತಪ್ಪು ಮಾಡಿದ ಕಡೆ ತಪ್ಪು ಅಂತಲೇ ಬರೆದಿದ್ದೇನೆ. ನಿಮಗೂ ಇದೇ ತೊಂದರೆ ಇದ್ದರೆ ಆ ಭಾಗಗಳನ್ನು ಮೊದಲು ಓದಿ.

ನನ್ನ ಹತ್ತಿರ ಇದ್ದ ಸಾಮಾನು

25 ಲೀಟರ್‌ನ ಪ್ಲಾಸ್ಟಿಕ್ ಫರ್ಮೆಂಟರ್ (ಬಿಯರ್ ಹುದುಗಲು ಬಿಡುವ ಡಬ್ಬ), ಇದಕ್ಕೆ ನಲ್ಲಿ ಇಲ್ಲ. ತಳದಲ್ಲಿ ನಲ್ಲಿ ಇರುವ ಇನ್ನೊಂದು ಬಕೆಟ್, ಇದು ಬಾಟಲಿಗೆ ತುಂಬುವಾಗ ಮಾತ್ರ ಬಳಸೋದು. ಸೈಫನ್ ಕೊಳವೆ. ತುದಿಯಲ್ಲಿ ಸ್ಪ್ರಿಂಗ್ ಇರುವ ತುಂಬುವ ಕಡ್ಡಿ. ಕ್ಯಾಪ್ ಒತ್ತುವ ಯಂತ್ರ. ಹೈಡ್ರೋಮೀಟರ್, ಥರ್ಮಾಮೀಟರ್, 1 ಗ್ರಾಂ ಹೆಜ್ಜೆಯ ಅಡುಗೆ ತಕ್ಕಡಿ. 500 ಮಿ.ಲೀ.ನ ಕಂದು ಗಾಜಿನ ಬಾಟಲಿಗಳು. ತೊಳೆಯೋಕೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ, ಕೊನೆಗೆ ಸ್ಯಾನಿಟೈಸ್ ಮಾಡೋಕೆ ಫಾಸ್ಫಾರಿಕ್ ಆಮ್ಲದ ದ್ರವ, ಲೀಟರ್ ನೀರಿಗೆ 1.5 ಮಿ.ಲೀ.

ಬ್ಯಾಚ್ 7: ತೊಂದರೆ ಕಾಣಿಸಿದ್ದು

ಸಾದಾ ಪೇಲ್ ಏಲ್. ಶುರುವಿನ ಗ್ರಾವಿಟಿ 1.050 (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಸಾಂದ್ರ ಅನ್ನೋ ಅಳತೆ, ಹೈಡ್ರೋಮೀಟರ್ ತೋರಿಸೋದು ಇದನ್ನೇ; ಯೀಸ್ಟ್ ಸಕ್ಕರೆ ತಿಂದ ಹಾಗೆ ಇಳಿಯುತ್ತದೆ). ಯೀಸ್ಟ್ ಸಾಫ್‌ಏಲ್ ಯುಎಸ್-05, 11.5 ಗ್ರಾಂನ ಒಂದು ಪೊಟ್ಟಣ. 19 ಡಿಗ್ರಿಯಲ್ಲಿ 14 ದಿನ. ಕೊನೆಯ ಗ್ರಾವಿಟಿ 1.011, ಮೂರು ದಿನ ಅದೇ ನಿಂತಿತ್ತು. ಡ್ರೈ ಹಾಪ್ (ಘಮಕ್ಕೆ ಅಂತ ಫರ್ಮೆಂಟರ್‌ಗೇ ಹಾಪ್ಸ್ ಹೂವು ಹಾಕೋದು) ಮಾಡಿರಲಿಲ್ಲ.

ಬಾಟಲಿಯೊಳಗೆ ಗ್ಯಾಸ್ ಹುಟ್ಟಲಿ ಅಂತ 18 ಲೀಟರ್ ಬಿಯರ್‌ಗೆ 108 ಗ್ರಾಂ ಸಕ್ಕರೆ. ಅಂದ್ರೆ ಲೀಟರ್‌ಗೆ 6 ಗ್ರಾಂ. ಕಾಲು ಲೀಟರ್ ನೀರಲ್ಲಿ 5 ನಿಮಿಷ ಕುದಿಸಿ, ಆರಿಸಿ, ನಲ್ಲಿ ಬಕೆಟ್‌ಗೆ ಮೊದಲು ಅದನ್ನು ಸುರಿದು, ಮೇಲೆ ಬಿಯರ್ ಇಳಿಸಿದೆ. 36 ಬಾಟಲಿ ಆಯಿತು. 22 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ, ಕಪಾಟಿನ ಕತ್ತಲಲ್ಲಿ ಇಟ್ಟೆ.

2ನೇ ವಾರ: ಚೆನ್ನಾಗಿದೆ. ಹಾಪ್ಸ್ ಘಮ ಇದೆ, ಗ್ಯಾಸ್ ಸರಿ ಇದೆ.

4ನೇ ವಾರ: ಅಣ್ಣ ಬಂದಿದ್ದ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಲೋ, ಇದಕ್ಕೆ ಬೆಣ್ಣೆ ಏನಾದ್ರೂ ಬಿತ್ತೇನೋ?" ಅಂದ. ನನಗೆ ಅಲ್ಲಿವರೆಗೂ ಗೊತ್ತಾಗಿರಲಿಲ್ಲ. ಅವನು ಹೇಳಿದ ಮೇಲೆ ಬೇರೇನೂ ಗೊತ್ತಾಗಲೇ ಇಲ್ಲ. ಪಾಪ್‌ಕಾರ್ನ್ ಮೇಲೆ ಸುರಿಯೋ ಬೆಣ್ಣೆಯ ವಾಸನೆ, ನಾಲಿಗೆ ಮೇಲೆ ಜಾರಿದ ಹಾಗೆ.

6ನೇ ವಾರ: ಬೆಣ್ಣೆ ಜಾಸ್ತಿ ಆಗಿದೆ, ಹಿಂದೆಯೇ ಹುಳಿ. ಬಾಟಲಿಯ ಕತ್ತಿನಲ್ಲಿ, ಬಿಯರ್ ಮಟ್ಟ ಮುಟ್ಟುವ ಜಾಗದಲ್ಲಿ, ಬೆಳ್ಳಗಿನ ತೆಳು ಉಂಗುರ. ಬೆರಳಲ್ಲಿ ಒರೆಸಿದರೆ ಜಿಡ್ಡು ಅಂಟುತ್ತದೆ.

ಇಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದೆ. ಕೆಟ್ಟ ಬಾಟಲಿಯ ಬಿಯರನ್ನು ಎರಡು ಲೋಟದ ನಡುವೆ ಹತ್ತಾರು ಸಲ ಎತ್ತಿ ಹಾಕಿ ಗ್ಯಾಸ್ ಪೂರ್ತಿ ಬಿಡಿಸಿ, 20 ಡಿಗ್ರಿಗೆ ತಂದು ಹೈಡ್ರೋಮೀಟರ್ ಬಿಟ್ಟೆ. 1.011. ತುಂಬಿದ ದಿನ ಇದ್ದಷ್ಟೇ. ತೆರೆದಾಗ ಬಾಟಲಿ ಉಕ್ಕಿಯೂ ಇರಲಿಲ್ಲ. ಅಂದ್ರೆ ಉಳಿದ ಸಕ್ಕರೆಯನ್ನೆಲ್ಲ ತಿಂದು ಹಾಕುವ ಕಾಡು ಯೀಸ್ಟ್ ಸೇರಿಕೊಂಡಿಲ್ಲ. ಸೇರಿದ್ದರೆ ಗ್ರಾವಿಟಿ ಇಳಿದು, ಲವಂಗದ ವಾಸನೆ ಬಂದು, ಬಾಟಲಿ ಉಕ್ಕಬೇಕಿತ್ತು.

ಉಳಿದವನ್ನೂ ಒಂದೊಂದಾಗಿ ಹೊಡೆದು ಹಾಕಿದೆ. ಹಸಿ ಸೇಬಿನ ವಾಸನೆ ಇಲ್ಲ, ಹಾಗಾಗಿ ಬಿಯರ್ ಇನ್ನೂ ಎಳಸು ಅನ್ನೋ ಹಾಗಿಲ್ಲ. ಬಿಸಿಲು ತಾಗಿದ ಬಿಯರ್‌ನ ಗಬ್ಬು ವಾಸನೆ ಇಲ್ಲ, ಕಂದು ಬಾಟಲಿ, ಕತ್ತಲ ಕಪಾಟು. ವಿನೆಗರ್‌ನ ಹಾಗೆ ಮೂಗಿಗೆ ಹೊಡೆಯುವ ಹುಳಿ ಅಲ್ಲ, ಮೆತ್ತಗಿನ ಹುಳಿ. ಉಳಿದದ್ದು ಬೆಣ್ಣೆ. ಅದರ ಹೆಸರು ಡಯಾಸಿಟೈಲ್.

ಉಳಿದಿದ್ದ 22 ಬಾಟಲಿ ಚೆಲ್ಲಿದೆ.

ತಪ್ಪು: ಡಯಾಸಿಟೈಲ್ ಅಂದ ಕೂಡಲೇ ಯೀಸ್ಟ್ ಮೇಲೆ ಹಾಕಿಬಿಟ್ಟೆ. ಹುದುಗುವಾಗ ಯೀಸ್ಟ್ ಇದರ ಮೂಲವಸ್ತುವನ್ನು ಬಿಡುತ್ತದೆ, ಅದು ಡಯಾಸಿಟೈಲ್ ಆಗುತ್ತದೆ, ಕೊನೆಗೆ ಯೀಸ್ಟೇ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ಬೇಗ ಬಾಟಲಿಗೆ ತುಂಬಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇದೆಲ್ಲ ನಿಜವೇ. ಆದರೆ ಕತ್ತಿನ ಉಂಗುರ ನನ್ನ ಕಣ್ಣೆದುರೇ ಇತ್ತು. ಯೀಸ್ಟ್ ಕೆಲಸ ಬಾಕಿ ಉಳಿಸಿದರೆ ಬೆಣ್ಣೆ ಬರಬಹುದು, ಉಂಗುರ ಬರಲ್ಲ, ಹುಳಿಯೂ ಬರಲ್ಲ. ಮೂರು ಗುರುತಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಮುಂದೆ ಹೋದೆ.

ಬ್ಯಾಚ್ 8: ಮೂರು ಬದಲಾವಣೆ ಒಟ್ಟಿಗೆ, ಎರಡು ಕೆಟ್ಟ ರುಚಿ ಒಟ್ಟಿಗೆ

ಅದೇ ಅಳತೆ, ಅದೇ ಯೀಸ್ಟ್. ಗ್ರಾವಿಟಿ 1.018ಕ್ಕೆ ಬಂದಾಗ ಉಷ್ಣತೆಯನ್ನು 19ರಿಂದ 21 ಡಿಗ್ರಿಗೆ ಏರಿಸಿ, 1.011ಕ್ಕೆ ನಿಂತ ಮೇಲೂ ಮೂರು ದಿನ ಹಾಗೇ ಬಿಟ್ಟೆ. ಆಮೇಲೆ ಬಿಸಿ ಮಾಡಿ ನೋಡುವ ಪರೀಕ್ಷೆ ಮಾಡಿದೆ. ಇದು ಎಲ್ಲರೂ ಮಾಡಬಹುದಾದ ಕೆಲಸ, ಹಾಗಾಗಿ ಬರೆಯುತ್ತೇನೆ.

ಎರಡು ಗಾಜಿನ ಸಣ್ಣ ಜಾಡಿ, ಒಂದೊಂದರಲ್ಲೂ 100 ಮಿ.ಲೀ. ಬಿಯರ್, ಬಾಯಿಗೆ ಫಾಯಿಲ್. ಒಂದನ್ನು ಕೋಣೆಯಲ್ಲೇ ಬಿಡಿ. ಇನ್ನೊಂದನ್ನು 65 ಡಿಗ್ರಿ ನೀರಲ್ಲಿ 25 ನಿಮಿಷ ಇಡಿ. ಎರಡನ್ನೂ ಒಂದೇ ಉಷ್ಣತೆಗೆ ತಂದು ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಮೂಲವಸ್ತು ಇನ್ನೂ ಇದೆ, ಯೀಸ್ಟ್‌ಗೆ ಟೈಮ್ ಕೊಡಿ. ಎರಡರಲ್ಲೂ ಬಂದರೆ ಆಗಲೇ ಡಯಾಸಿಟೈಲ್ ಆಗಿದೆ. ಎರಡರಲ್ಲೂ ಇಲ್ಲ ಅಂದ್ರೆ ತುಂಬಬಹುದು.

ನನ್ನದರಲ್ಲಿ ಎರಡರಲ್ಲೂ ಇರಲಿಲ್ಲ. ನೋಟ್‌ಬುಕ್‌ನಲ್ಲಿ ದೊಡ್ಡ ಅಕ್ಷರದಲ್ಲಿ "ಸರಿ ಇದೆ" ಅಂತ ಬರೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಪಾಠವಾದರೂ ಸಿಗುತ್ತಿತ್ತು. ನಿಲ್ಲಿಸಲಿಲ್ಲ. ಸೈಫನ್ ಕೊಳವೆ ಹಳೇದಾಯಿತು ಅಂತ ಅದನ್ನೂ ಬದಲಿಸಿದೆ. ಸ್ಯಾನಿಟೈಸರ್ ಮೇಲೆ ಅನುಮಾನ ಬಂದು, ಇನ್ನೂ ಗಟ್ಟಿ ಇರೋದು ಬೇಕು ಅಂತ ಬಟ್ಟೆಗೆ ಹಾಕೋ ಬ್ಲೀಚ್ ಹಿಡಿದೆ. 10 ಲೀಟರ್ ನೀರಿಗೆ 40 ಮಿ.ಲೀ. ಬಾಟಲಿಗಳನ್ನು ಅದರಲ್ಲಿ 20 ನಿಮಿಷ ಮುಳುಗಿಸಿ, ನಲ್ಲಿ ನೀರಲ್ಲಿ ಒಂದೇ ಸಲ ಜಾಲಿಸಿ, ನೀರು ಪೂರ್ತಿ ಬಸಿಯುವ ಮೊದಲೇ ತುಂಬಿದೆ.

2ನೇ ವಾರ: ಔಷಧಿ ವಾಸನೆ. ಗಾಯಕ್ಕೆ ಅಂಟಿಸುವ ಪಟ್ಟಿ ಬಿಚ್ಚಿದಾಗ ಬರುತ್ತದಲ್ಲ, ಅದೇ. ಎಲ್ಲ ಬಾಟಲಿಯಲ್ಲೂ.

4ನೇ ವಾರ: ಔಷಧಿ ವಾಸನೆಯ ಅಡಿಯಲ್ಲಿ ಬೆಣ್ಣೆ ಕೂಡ.

ತಪ್ಪು: ಬ್ಲೀಚ್‌ನ ಕ್ಲೋರಿನ್ ಬಿಯರ್‌ನಲ್ಲಿರುವ ಫೀನಾಲ್‌ಗಳ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ. ಅದು ಎಷ್ಟು ಕಡಿಮೆ ಇದ್ದರೂ ಮೂಗಿಗೆ ಸಿಕ್ಕೇ ಸಿಗುತ್ತದೆ. ಕಾದರೆ ಹೋಗಲ್ಲ. ಬೇರೆ ಬಿಯರ್ ಜೊತೆ ಬೆರೆಸಿದರೂ ಹೋಗಲ್ಲ, ಅದೂ ಹಾಳಾಗುತ್ತದೆ, ಅಷ್ಟೇ. 36 ಬಾಟಲಿಯನ್ನೂ ಚೆಲ್ಲಿದೆ. ಒಂದು ವಿಷಯದಲ್ಲಿ ಮಾತ್ರ ಬಚಾವಾದೆ. ಬ್ಲೀಚ್ ಬಳಸಿದ ಬಕೆಟನ್ನು ಚೆನ್ನಾಗಿ ತೊಳೆದ ಮೇಲೆಯೇ ಆಮ್ಲದ ಸ್ಯಾನಿಟೈಸರ್ ಹಾಕಿದ್ದೆ. ಬ್ಲೀಚ್ ಮತ್ತು ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ದಯವಿಟ್ಟು ಎರಡನ್ನೂ ಒಂದೇ ಬಕೆಟ್‌ನಲ್ಲಿ, ಒಂದೇ ಹೊತ್ತಲ್ಲಿ ಬಳಸಬೇಡಿ.

ಇಷ್ಟರಲ್ಲೂ ಒಂದು ಒಳ್ಳೇ ಸುಳಿವು ಸಿಕ್ಕಿತ್ತು. ತುಂಬುವ ದಿನ ಬಿಸಿ ಮಾಡಿ ನೋಡಿದಾಗಲೂ ಬೆಣ್ಣೆ ಇರಲಿಲ್ಲ. ನಾಲ್ಕು ವಾರಕ್ಕೆ ಬಂತು. ಅಂದ್ರೆ ಬೆಣ್ಣೆ ಫರ್ಮೆಂಟರ್‌ನಿಂದ ಬಂದದ್ದಲ್ಲ, ಬಾಟಲಿಯೊಳಗೇ ಹುಟ್ಟಿದ್ದು. ಮೊದಲು ಬೆಣ್ಣೆ, ಆಮೇಲೆ ಹುಳಿ, ಕತ್ತಲ್ಲಿ ಉಂಗುರ. ಪೀಡಿಯೋಕಾಕಸ್, ಲ್ಯಾಕ್ಟೋಬ್ಯಾಸಿಲಸ್ ತರಹದ ಬ್ಯಾಕ್ಟೀರಿಯಾ ಸೇರಿಕೊಂಡರೆ ಹೀಗೇ ಆಗೋದು. ಇನ್ನು ಹುಡುಕಬೇಕಾದ ಜಾಗ ಚಿಕ್ಕದಾಯಿತು: ಫರ್ಮೆಂಟರ್‌ನ ಮುಚ್ಚಳ ತೆಗೆದಾಗಿನಿಂದ ಬಾಟಲಿಗೆ ಕ್ಯಾಪ್ ಬೀಳುವವರೆಗಿನ ಒಂದೂವರೆ ಗಂಟೆ.

ಬ್ಯಾಚ್ 9: ಬಾಟಲಿಗೆ ನಂಬರ್ ಹಾಕಿದ್ದು

ಈ ಬ್ಯಾಚ್ ಕುಡಿಯೋಕೆ ಅಂತ ಮಾಡಲಿಲ್ಲ, ಹುಡುಕೋಕೆ ಅಂತಲೇ ಮಾಡಿದೆ. ಮತ್ತೆ ಆಮ್ಲದ ಸ್ಯಾನಿಟೈಸರ್‌ಗೇ ಬಂದೆ. ಕ್ಯಾಪ್ ಮೇಲೆ ಮಾರ್ಕರ್‌ನಿಂದ ಗುಂಪಿನ ಅಕ್ಷರ ಮತ್ತು ತುಂಬಿದ ಕ್ರಮದ ನಂಬರ್ ಬರೆದೆ.

ಗುಂಪು ಅ, 12 ಬಾಟಲಿ: ಫರ್ಮೆಂಟರ್‌ನಿಂದ ಹೊಸ ಕೊಳವೆಯಲ್ಲಿ ನೇರ ಬಾಟಲಿಗೆ. ಬಕೆಟ್ ಇಲ್ಲ, ನಲ್ಲಿ ಇಲ್ಲ, ಕಡ್ಡಿ ಇಲ್ಲ. ಸಕ್ಕರೆ ಬಾಟಲಿಗೆ 3 ಗ್ರಾಂ.

ಗುಂಪು ಆ, 12 ಬಾಟಲಿ: ಬಿಯರ್ ಬಕೆಟ್‌ಗೆ ಇಳಿಸಿ, ಆದರೆ ನಲ್ಲಿ ತಿರುಗಿಸದೆ, ಮೇಲಿನಿಂದ ಇನ್ನೊಂದು ಹೊಸ ಕೊಳವೆ ಬಿಟ್ಟು ಸೈಫನ್ ಮಾಡಿ ತುಂಬಿದ್ದು.

ಗುಂಪು ಇ, 12 ಬಾಟಲಿ: ಯಾವತ್ತಿನ ಹಾಗೆ ಬಕೆಟ್, ನಲ್ಲಿ, ಕಡ್ಡಿ.

ಪ್ರತಿ ಗುಂಪಿನಲ್ಲೂ ನಾಲ್ಕು ಬಾಟಲಿಗಳನ್ನು ಬಾಯಿಗೆ ಫಾಯಿಲ್ ಸುತ್ತಿ 170 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಟ್ಟಿದ್ದೆ. ತಣ್ಣಗಿನ ಓವನ್‌ಗೆ ಇಟ್ಟು ಬಿಸಿ ಮಾಡಿ, ಅದರೊಳಗೇ ಆರಲು ಬಿಡಬೇಕು, ಇಲ್ಲದಿದ್ರೆ ಗಾಜು ಸೀಳುತ್ತದೆ. ದೋಷ ಬಾಟಲಿಯದೇ ಆಗಿದ್ದರೆ ಈ ನಾಲ್ಕು ಉಳಿಯಬೇಕು, ಉಳಿದವು ಕೆಡಬೇಕು. ಪ್ರತಿ ಬ್ಯಾಚ್‌ಗೂ ಹೀಗೆ ಮಾಡುವುದು ಬೇಡ. ಪದೇ ಪದೇ ಕಾಯಿಸಿದರೆ ಗಾಜಿನ ಬಲ ಕಡಿಮೆ ಆಗುತ್ತದೆ, ಒಳಗೆ ಗ್ಯಾಸ್ ಒತ್ತಡ ಇರೋ ವಸ್ತು ಇದು.

ಬೇಗ ಫಲ ಕಾಣಲಿ ಅಂತ ಈ ಸಲ 25 ಡಿಗ್ರಿಯಲ್ಲಿ ಇಟ್ಟೆ. 2ನೇ ವಾರದಿಂದ ವಾರಕ್ಕೊಮ್ಮೆ ಪ್ರತಿ ಗುಂಪಿನಿಂದ ಒಂದೊಂದು.

2ನೇ ವಾರ: ಅ ಗುಂಪಿನ 5ನೇ ಬಾಟಲಿ ತೆರೆದ ಕೂಡಲೇ ಉಕ್ಕಿ ಅರ್ಧ ನೆಲಕ್ಕೆ ಹೋಯಿತು. ಎದೆ ಧಸಕ್ ಅಂದಿತು. ಶುದ್ಧ ಅಂತ ಅಂದುಕೊಂಡಿದ್ದ ಗುಂಪೇ ಕೆಟ್ಟಿತಾ ಅಂತ ಒಂದು ದಿನ ತಲೆ ಕೆಡಿಸಿಕೊಂಡೆ. ಮಾರನೇ ದಿನ ಉಳಿದದ್ದರ ಗ್ಯಾಸ್ ಬಿಡಿಸಿ ಗ್ರಾವಿಟಿ ನೋಡಿದರೆ 1.011. ವಾಸನೆ ಶುದ್ಧ. ಕಾಡು ಯೀಸ್ಟ್ ಅಲ್ಲ, ಸಕ್ಕರೆ ಜಾಸ್ತಿ ಬಿದ್ದದ್ದು.

ತಪ್ಪು: 1 ಗ್ರಾಂ ಹೆಜ್ಜೆಯ ತಕ್ಕಡಿಯಲ್ಲಿ 3 ಗ್ರಾಂ ತೂಗಿದ್ದೆ. ಅಂಥ ಸಣ್ಣ ತೂಕಕ್ಕೆ ಆ ತಕ್ಕಡಿ ನಂಬೋ ಹಾಗಿಲ್ಲ. 3 ಅಂತ ತೋರಿಸಿದಾಗ ನಿಜವಾಗಿ ಎರಡೂವರೆ ಇರಬಹುದು, ನಾಲ್ಕೂ ಇರಬಹುದು. ಬಾಟಲಿ ಬಾಟಲಿಗೆ ಸಕ್ಕರೆ ಹಾಕುವುದಾದರೆ ಪಾಕ ಮಾಡಿಕೊಳ್ಳಿ. 36 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಒಟ್ಟು 120 ಮಿ.ಲೀ. ಮಾಡಿ, ಕುದಿಸಿ, ಆವಿಯಾಗಿ ಹೋದಷ್ಟು ಕುದಿಸಿದ ನೀರನ್ನು ಮತ್ತೆ ಸೇರಿಸಿ. ಸ್ಯಾನಿಟೈಸ್ ಮಾಡಿದ ಸಿರಿಂಜ್‌ನಲ್ಲಿ ಬಾಟಲಿಗೆ 10 ಮಿ.ಲೀ. ಹಾಕಿದರೆ ಸರಿಯಾಗಿ 3 ಗ್ರಾಂ. ಅ ಗುಂಪಿನ ಉಳಿದ ಬಾಟಲಿಗಳನ್ನು ಕೈಗವಸು, ಕನ್ನಡಕ ಹಾಕಿಕೊಂಡು ಫ್ರಿಜ್‌ಗೆ ಇಟ್ಟು ತಣ್ಣಗೆ ಮಾಡಿದೆ. ಆಮೇಲೆ ಕ್ಯಾಪನ್ನು ಒಂದು ಕಡೆ ಸ್ವಲ್ಪ ಎತ್ತಿ ಗ್ಯಾಸ್ ಬಿಟ್ಟು, ಹೊಸ ಕ್ಯಾಪ್ ಒತ್ತಿ ಮತ್ತೆ ಹೊರಗಿಟ್ಟೆ.

3ನೇ ವಾರ: ಅ ಶುದ್ಧ. ಆ ಶುದ್ಧ. ಇ ಗುಂಪಿನ 1ನೇ ನಂಬರ್, ಬೆಣ್ಣೆ.

ನನ್ನ ಮೂಗಿಗೆ ಈಗ ಬೆಣ್ಣೆಯ ನಿರೀಕ್ಷೆ ಇದೆಯಲ್ಲ, ಹಾಗಾಗಿ ಅದನ್ನು ನಂಬಲಿಲ್ಲ. ಅಣ್ಣನನ್ನು ಕರೆದೆ. ಒಂದೇ ತರಹದ ಮೂರು ಲೋಟ, ಎರಡರಲ್ಲಿ ಆ, ಒಂದರಲ್ಲಿ ಇ. ಯಾವುದು ಬೇರೆ ಹೇಳು ಅಂದೆ, ಬೆಣ್ಣೆ ಮಾತೇ ಎತ್ತಲಿಲ್ಲ. ಮೂಸಿ ನೋಡಿ ತಕ್ಷಣ ಸರಿಯಾದ ಲೋಟ ತೋರಿಸಿದ. ಅಡ್ಡಾದಿಡ್ಡಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ ಅಂತ ಲೋಟ ಅದಲು ಬದಲು ಮಾಡಿ ಇನ್ನೂ ನಾಲ್ಕು ಸಲ ಕೇಳಿದೆ. "ಎಷ್ಟು ಸಲ ಕೇಳ್ತೀಯೋ, ಅದೇ ಹಳೇ ಬೆಣ್ಣೆನೇ ಇದು" ಅಂದ. ಐದಕ್ಕೆ ಐದೂ ಸರಿ.

4ನೇ ವಾರ: ಇ ಗುಂಪಿನ 12ನೇ ನಂಬರ್ ತೆರೆದೆ. ಬೆಣ್ಣೆ ಇತ್ತು, ಆದರೆ ಹಿಂದಿನ ವಾರದ 1ನೇ ನಂಬರ್‌ಗಿಂತ ಕಮ್ಮಿ! ಒಂದು ವಾರ ಜಾಸ್ತಿ ಕಳೆದಿದೆ, ಕೆಡಬೇಕಾದದ್ದು ಜಾಸ್ತಿ ಅಲ್ವಾ? ಆ ರಾತ್ರಿಯೇ 2ನೇ ನಂಬರನ್ನೂ 11ನೇ ನಂಬರನ್ನೂ ಒಟ್ಟಿಗೆ ತೆರೆದೆ. 2ರ ಕತ್ತಲ್ಲಿ ಉಂಗುರ ಎದ್ದು ಕಾಣುತ್ತಿತ್ತು, ಹುಳಿ ಶುರುವಾಗಿತ್ತು. 11ರಲ್ಲಿ ಬರೀ ಸ್ವಲ್ಪ ಬೆಣ್ಣೆ. 4ನೇ ನಂಬರ್ ಓವನ್‌ನಲ್ಲಿ ಕಾಯಿಸಿದ ಬಾಟಲಿ, ಅದೂ ಕೆಟ್ಟಿತ್ತು. ಅಲ್ಲಿಗೆ ಬಾಟಲಿಗಳ ಮೇಲಿನ ಅನುಮಾನ ಹೋಯಿತು.

ಮೊದಲು ತುಂಬಿದ್ದು ಜಾಸ್ತಿ ಕೆಟ್ಟಿದೆ, ಕೊನೆಗೆ ತುಂಬಿದ್ದು ಕಮ್ಮಿ ಕೆಟ್ಟಿದೆ. ಬಿಯರ್ ಹರಿಯುವ ದಾರಿಯಲ್ಲೇ ಎಲ್ಲೋ ಕೊಳೆ ಕೂತಿದೆ, ಮೊದಲು ಹರಿದ ಬಿಯರ್ ಅದನ್ನು ಹೆಚ್ಚು ತೊಳೆದುಕೊಂಡು ಹೋಗಿದೆ. ಈ ಏಳು ತಿಂಗಳಲ್ಲಿ ನನಗೆ ಸಿಕ್ಕ ಅತಿ ಉಪಯೋಗದ ಮಾಹಿತಿ ಇದು, ಬಂದದ್ದು ಕ್ಯಾಪ್ ಮೇಲೆ ಬರೆದ ನಂಬರ್‌ನಿಂದ. ಹಿಂದಿನ ಎರಡು ಬ್ಯಾಚ್‌ನಲ್ಲಿ ನಂಬರ್ ಹಾಕಿರಲಿಲ್ಲ ಅನ್ನೋದು ಈಗಲೂ ಹೊಟ್ಟೆ ಉರಿಸುತ್ತದೆ.

ನಲ್ಲಿಯೋ, ಕಡ್ಡಿಯೋ? ಜಾಡಿ ಪರೀಕ್ಷೆ

ಇ ಗುಂಪು ಬಿಟ್ಟರೆ ಬೇರೆ ಯಾವುದೂ ನಲ್ಲಿಯನ್ನೂ ಕಡ್ಡಿಯನ್ನೂ ಮುಟ್ಟಿರಲಿಲ್ಲ. ಎರಡರಲ್ಲಿ ಯಾವುದು? ಎರಡನ್ನೂ ಬಿಸಾಕಿ ಹೊಸದು ತರಬಹುದಿತ್ತು. ಆದರೆ ಕಾರಣ ಗೊತ್ತಾಗದೆ ಹೊಸದು ತಂದರೆ ಆರು ತಿಂಗಳಿಗೆ ಅದೂ ಹೀಗೇ ಆಗುತ್ತದೆ.

100 ಗ್ರಾಂ ಒಣ ಮಾಲ್ಟ್ ಪುಡಿಯನ್ನು (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಸಾರದ ಪುಡಿ) 1 ಲೀಟರ್ ನೀರಲ್ಲಿ 15 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿದೆ. ನಲ್ಲಿ ಮತ್ತು ಕಡ್ಡಿಗೆ ಯಾವತ್ತಿನ ಹಾಗೆಯೇ ಸ್ಯಾನಿಟೈಸರ್ ಹರಿಸಿದೆ. ಬೇರೇನೂ ಮಾಡಲಿಲ್ಲ, ಉಜ್ಜಲಿಲ್ಲ. ಮೂರು ಜಾಡಿ:

ಜಾಡಿ 1: ಕುದಿಸಿದ ಮಾಲ್ಟ್ ನೀರು ನೇರ ಜಾಡಿಗೆ.
ಜಾಡಿ 2: ಹೊಸ ಕೊಳವೆಗೆ ಕಡ್ಡಿ ಸಿಕ್ಕಿಸಿ, ಅದರ ಮೂಲಕ.
ಜಾಡಿ 3: ನಲ್ಲಿಯ ಮೂಲಕ. ಹರಿಸುವಾಗ ಹಿಡಿಯನ್ನು ಎರಡು ಮೂರು ಸಲ ತೆರೆದು ಮುಚ್ಚಿದೆ.

ಬಾಯಿಗೆ ಸಡಿಲವಾಗಿ ಫಾಯಿಲ್, 27 ಡಿಗ್ರಿಯಲ್ಲಿ. ಬಿಗಿಯಾಗಿ ಮುಚ್ಚಬಾರದು, ಗ್ಯಾಸ್ ಎದ್ದರೆ ಜಾಡಿ ಒಡೆಯುತ್ತದೆ. ಇದನ್ನು ರುಚಿ ನೋಡಲೂ ಬಾರದು.

ಎರಡನೇ ದಿನ ಸಂಜೆ 3ನೇ ಜಾಡಿ ಮಂಕಾಯಿತು. ಮೂರನೇ ದಿನ ಅದರ ಮೇಲೆ ಸಣ್ಣ ಗುಳ್ಳೆಗಳ ಪದರ, ಕಮಟು ವಾಸನೆ. ನಾಲ್ಕನೇ ದಿನ ರಾತ್ರಿ 2ನೇ ಜಾಡಿ ಸ್ವಲ್ಪ ಮಂಕು. ಆರನೇ ದಿನವೂ 1ನೇ ಜಾಡಿ ತಿಳಿಯಾಗಿಯೇ ಇತ್ತು. ಮಾಲ್ಟ್ ನೀರಲ್ಲಿ ಹಾಪ್ಸ್ ಇಲ್ಲ, ಆಲ್ಕೋಹಾಲ್ ಇಲ್ಲ, ಹಾಗಾಗಿ ಯಾವ ಕೀಟಾಣುವಾದರೂ ಬೆಳೆಯುತ್ತದೆ. ಬಿಯರ್ ಕೆಡಿಸಿದ್ದು ಯಾವುದು ಅಂತ ಈ ಪರೀಕ್ಷೆ ಹೇಳಲ್ಲ. ಕೊಳೆ ಎಲ್ಲಿ ಕೂತಿದೆ ಅಂತ ಹೇಳುತ್ತದೆ. ನನಗೆ ಬೇಕಿದ್ದದ್ದು ಅದೇ.

ನಲ್ಲಿ ಬಿಚ್ಚಿದ್ದು

ಈ ತರಹದ ನಲ್ಲಿಗೆ ಸ್ಕ್ರೂ ಇಲ್ಲ. ಹೊರಗೆ ಒಂದು ಪ್ಲಾಸ್ಟಿಕ್ ಕೋಶ, ಅದರೊಳಗೆ ಬಿಗಿಯಾಗಿ ಕೂತು ತಿರುಗುವ ಇನ್ನೊಂದು ಪೊಳ್ಳು ಕೊಳವೆ, ಹಿಡಿ ಅದಕ್ಕೇ ಸೇರಿದ್ದು. ಒಂದೇ ತುಂಡು ಅನ್ನೋ ಹಾಗೆ ಕಾಣುತ್ತದೆ. ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಕೈಯಲ್ಲಿ ಎಳೆದೆ, ಬರಲಿಲ್ಲ. ಇಕ್ಕಳ ಹಾಕೋಕೆ ಹೋದೆ. "ರೀ, ಮುರಿದೀರಾ! ಬಿಸಿ ನೀರಲ್ಲಿ ಹಾಕಿ ಸ್ವಲ್ಪ ಹೊತ್ತು, ಪ್ಲಾಸ್ಟಿಕ್ ಸಡಿಲ ಆಗುತ್ತೆ" ಅಂದಳು ಹೆಂಡತಿ. 60 ಡಿಗ್ರಿ ನೀರಲ್ಲಿ ಹತ್ತು ನಿಮಿಷ ಇಟ್ಟು, ಮರದ ಸೌಟಿನ ಹಿಡಿಯನ್ನು ಕೆಳಗಿನ ಬಾಯಿಗೆ ಕೊಟ್ಟು ಮೇಲಕ್ಕೆ ಒತ್ತಿದೆ. ಟಪ್ ಅಂತ ಹೊರಗೆ ಬಂತು.

ಒಳಗಿನ ಕೊಳವೆಯ ಹೊರಮೈ ಸುತ್ತ ಕಂದು ಬಣ್ಣದ ಲೋಳೆ. ಬಿಯರ್ ಹರಿಯುವ ತೂತು ಮಾತ್ರ ಫಳಫಳ ಹೊಳೆಯುತ್ತಿತ್ತು. ಅದರ ಅಂಚು ದಾಟಿದರೆ ಸಾಕು, ಕೋಶಕ್ಕೂ ಕೊಳವೆಗೂ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಲೋಳೆ ಹರಡಿತ್ತು. ಉಗುರಿನಿಂದ ಕೆರೆದರೆ ಒಂದು ಪಟ್ಟಿಯ ಹಾಗೆ ಎದ್ದು ಬಂತು. ಒಳಗಡೆ ಮೆತ್ತಗೆ, ಹೊರಅಂಚಿನಲ್ಲಿ ಒಣಗಿ ಹಕ್ಕಳೆ ಕಟ್ಟಿತ್ತು. ಮೂಸಿದೆ. 7ನೇ ಬ್ಯಾಚ್‌ನ ಆರನೇ ವಾರದ ವಾಸನೆ. ಹಳೇ ಬೆಣ್ಣೆ, ಹುಳಿ. ಹೆಂಡತಿಗೆ ತೋರಿಸಿದೆ, ಅವಳು ಮುಖ ತಿರುಗಿಸಿದಳು.

ಪ್ರತಿ ಸಲ ನಾನು ಮಾಡುತ್ತಿದ್ದದ್ದು ಇಷ್ಟು: ಬಕೆಟ್‌ಗೆ ಸ್ಯಾನಿಟೈಸರ್ ಹಾಕಿ, ನಲ್ಲಿ ತೆರೆದು ಒಂದು ಲೀಟರ್ ಹರಿಸಿ, ಮುಚ್ಚೋದು. ಆ ನೀರು ತೂತಿನೊಳಗೆ ಸುಮ್ನೆ ಹಾದು ಹೋಗುತ್ತದೆ. ಪಕ್ಕದ ಸಂದಿಗೆ ಇಳಿಯಲ್ಲ. ಇಳಿದರೂ ಲೋಳೆಯ ಮೇಲ್ಪದರ ದಾಟಲ್ಲ. ಸ್ಯಾನಿಟೈಸರ್ ಕೆಲಸ ಮಾಡೋದು ಮೊದಲೇ ಶುದ್ಧವಾಗಿ ತೊಳೆದ ಮೈ ಮೇಲೆ ಮಾತ್ರ. ಬ್ಲೀಚ್ ಹಾಕಿದಾಗಲೂ ಬೆಣ್ಣೆ ಬಂದದ್ದು ಯಾಕೆ ಅಂತ ಆಗ ತಿಳಿಯಿತು. ಸ್ಯಾನಿಟೈಸರ್ ಗಟ್ಟಿ ಸಾಲದು ಅಂತ ಬದಲಿಸಿದೆ. ಅದು ಕೊಳೆ ಮುಟ್ಟುತ್ತಲೇ ಇರಲಿಲ್ಲ.

ನಲ್ಲಿಯನ್ನು ಬಕೆಟ್‌ನಿಂದ ಬಿಚ್ಚಿದಾಗ ವಾಷರ್‌ನ ಹಿಂಬದಿಯಲ್ಲೂ ಸ್ವಲ್ಪ ಇತ್ತು. ಕಡ್ಡಿಯ ತುದಿ ಕಿತ್ತಾಗ ಸ್ಪ್ರಿಂಗ್ ಕೆಳಗೆ ಸಾಸಿವೆ ಕಾಳಿನಷ್ಟು ಗಸಿ. 2ನೇ ಜಾಡಿ ತಡವಾಗಿ ಮಂಕಾಗಿದ್ದಕ್ಕೆ ಅದೇ ಕಾರಣ ಇರಬೇಕು.

ಈಗ ಮಾಡುವ ರೀತಿ ಇದು. ತುಂಬಿದ ದಿನವೇ, ಬಿಯರ್ ಒಣಗುವ ಮೊದಲು, ನಲ್ಲಿ ಬಿಚ್ಚುತ್ತೇನೆ: ಕೋಶ, ಒಳಕೊಳವೆ, ವಾಷರ್, ನಟ್ಟು. ಕಡ್ಡಿಯ ತುದಿ ಮತ್ತು ಸ್ಪ್ರಿಂಗ್ ಕೂಡ. ಲೀಟರ್‌ಗೆ 5 ಗ್ರಾಂ ಪರ್ಕಾರ್ಬೊನೇಟ್ ಹಾಕಿದ 55 ಡಿಗ್ರಿ ನೀರಲ್ಲಿ ಅರ್ಧ ಗಂಟೆ, ಸಣ್ಣ ಬ್ರಷ್‌ನಲ್ಲಿ ಉಜ್ಜಿ, ಎರಡು ಸಲ ಜಾಲಿಸಿ, ಬಿಚ್ಚಿದ ಹಾಗೆಯೇ ಒಣಗಲು ಬಿಡುತ್ತೇನೆ. ಮುಂದಿನ ಸಲ ತುಂಬುವ ದಿನ ತುಂಡುಗಳನ್ನು ಸ್ಯಾನಿಟೈಸರ್‌ನಲ್ಲಿ ಎರಡು ನಿಮಿಷ ಮುಳುಗಿಸಿ, ಒದ್ದೆ ಇರುವಾಗಲೇ ಜೋಡಿಸುತ್ತೇನೆ.

ಬ್ಯಾಚ್ 10: ಒಂದೇ ಬದಲಾವಣೆ

ಅಳತೆ ಅದೇ, ಯೀಸ್ಟ್ ಅದೇ, ಸಕ್ಕರೆ ಅದೇ 108 ಗ್ರಾಂ, ಬಾಟಲಿಗಳು ಅವೇ. ನಲ್ಲಿ ಮಾತ್ರ ಹೊಸದು. ಹಳೇದರ ಒಳಮೈಯಲ್ಲಿ ಗೀರುಗಳಿದ್ದವು, ಉಜ್ಜಿದರೂ ಗೀರಿನೊಳಗೆ ಏನಿದೆಯೋ ಅನ್ನೋ ಅನುಮಾನ ಉಳಿಯುತ್ತದೆ. ಕಡ್ಡಿ ಹಳೇದೇ, ಬಿಚ್ಚಿ ತೊಳೆದದ್ದು.

ತಪ್ಪು: ನಲ್ಲಿ ಜೋಡಿಸಿ ನೇರ ಬಿಯರ್ ಇಳಿಸಿದೆ. ವಾಷರ್ ಓರೆಯಾಗಿ ಕೂತಿತ್ತು. ತೊಟ್ಟು ತೊಟ್ಟಾಗಿ ಒಂದು ಲೋಟದಷ್ಟು ನೆಲಕ್ಕೆ ಹೋಯಿತು. ನಟ್ಟು ಬಿಗಿ ಮಾಡುವ ಗಡಿಬಿಡಿಯಲ್ಲಿ ಬಕೆಟ್ ಅಲ್ಲಾಡಿ ಬಿಯರ್ ಕುಲುಕಿತು. ನಲ್ಲಿ ಕೂರಿಸಿದ ಮೇಲೆ ಮೊದಲು ನೀರು ತುಂಬಿ 15 ನಿಮಿಷ ಕಾಯಿರಿ. ಸೋರಿಕೆ ಇಲ್ಲ ಅಂತ ನೋಡಿ ಆಮೇಲೆ ಸ್ಯಾನಿಟೈಸ್ ಮಾಡಿ.

2ನೇ ವಾರ, 1ನೇ ನಂಬರ್: ಶುದ್ಧ.

4ನೇ ವಾರ, 2ನೇ ನಂಬರ್: ಶುದ್ಧ. ಟಾರ್ಚ್ ಹಿಡಿದು ಕತ್ತು ನೋಡಿದೆ, ಉಂಗುರ ಇಲ್ಲ. ಅಣ್ಣನಿಗೆ ಕೊಟ್ಟೆ. ಪೂರ್ತಿ ಲೋಟ ಖಾಲಿ ಮಾಡಿ "ಇನ್ನೊಂದು ಇದೆಯೇನೋ?" ಅಂದ. ಅವತ್ತು ನನಗೆ ಆದ ಸಂತೋಷ ಹೇಳತೀರದು.

6ನೇ ವಾರ, 3 ಮತ್ತು 20: ಎರಡೂ ಶುದ್ಧ. ಹುಳಿ ಇಲ್ಲ.

8ನೇ ವಾರ, 4, 18 ಮತ್ತು 35: 4 ಮತ್ತು 18 ಚೆನ್ನಾಗಿದ್ದವು. 35ರಲ್ಲಿ ಹಾಪ್ಸ್ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಶುರುವಾಗಿತ್ತು. ಪಕ್ಕ ಪಕ್ಕ ಸುರಿದಾಗ ಬಣ್ಣವೂ ಒಂದು ಛಾಯೆ ಕಪ್ಪು. ಬೆಣ್ಣೆ ಇಲ್ಲ, ಉಂಗುರ ಇಲ್ಲ. ಇದು ಬೇರೆಯೇ ಕಾಯಿಲೆ: ಗಾಳಿ ಸೇರಿದ್ದು. 34 ಮತ್ತು 36 ತೆರೆದೆ, ಅವೂ ಹಾಗೇ. 32 ಸರಿ ಇತ್ತು.

ಈ ಸಲ ತಲೆ ಕೆಡಿಸಿಕೊಳ್ಳಲಿಲ್ಲ, ನಂಬರ್ ಹೇಳುತ್ತಿತ್ತು. ಕೊನೆಯ ಕೆಲವು ಬಾಟಲಿ ಮಾತ್ರ. ಬಕೆಟ್ ತಳಕ್ಕೆ ಬಂದಾಗ ಒಂದು ಹನಿಯೂ ಬಿಡಬಾರದು ಅಂತ ಬಕೆಟನ್ನು ಓರೆ ಮಾಡುತ್ತಿದ್ದೆ. ಆಗ ನಲ್ಲಿ ಗೊಳಗೊಳ ಅಂತ ಗಾಳಿ ಎಳೆದು ಬಿಯರ್ ಗುಳ್ಳೆ ಗುಳ್ಳೆಯಾಗಿ ಬಾಟಲಿಗೆ ಬೀಳುತ್ತಿತ್ತು. ಹಿಂದಿನ ಬ್ಯಾಚ್‌ಗಳಲ್ಲೂ ಹೀಗೇ ಮಾಡಿದ್ದೆ. ಬೆಣ್ಣೆಯ ಅಬ್ಬರದಲ್ಲಿ ಇದು ಗೊತ್ತೇ ಆಗಿರಲಿಲ್ಲ.

ಬ್ಯಾಚ್ 11: ಈಗ ನಡೆಯುತ್ತಿರುವುದು

ಬಕೆಟ್ ಓರೆ ಮಾಡೋದು ನಿಲ್ಲಿಸಿದೆ. ತಳದಲ್ಲಿ ಅರ್ಧ ಲೀಟರ್ ಬಿಟ್ಟುಬಿಡುತ್ತೇನೆ, ಒಂದು ಬಾಟಲಿ ಕಮ್ಮಿ ಆಗುತ್ತದೆ, ಆಗಲಿ. ಫರ್ಮೆಂಟರ್‌ನಿಂದ ಬಕೆಟ್‌ಗೆ ಇಳಿಸುವ ಕೊಳವೆಯ ತುದಿಯನ್ನು ತಳದಲ್ಲಿ ಸುರುಳಿ ಮಾಡಿ ಮಲಗಿಸುತ್ತೇನೆ, ಬಿಯರ್ ಮೇಲಿಂದ ಬೀಳದೆ ಕೆಳಗಿಂದ ಏರಲಿ ಅಂತ. ಕಡ್ಡಿಯ ತುದಿ ಬಾಟಲಿಯ ತಳ ಮುಟ್ಟಿರುತ್ತದೆ. ಕ್ಯಾಪನ್ನು ಬಾಯಿ ಮೇಲಿಟ್ಟು, ಸ್ವಲ್ಪ ನೊರೆ ಎದ್ದು ಕ್ಯಾಪ್ ಮುಟ್ಟಿದ ಮೇಲೆ ಒತ್ತುತ್ತೇನೆ. ಕೊನೆಯ ನಾಲ್ಕು ಬಾಟಲಿಗೆ ಕೆಂಪು ಚುಕ್ಕೆ, ಅವನ್ನು ಮೊದಲು ಕುಡಿಯೋದು.

ಒಟ್ಟು 35 ಬಾಟಲಿ. ಇವತ್ತಿಗೆ ಮೂರು ವಾರ ಆಯಿತು. ಮುಂದಿನ ಭಾನುವಾರ 1ನೇ ನಂಬರನ್ನೂ ಕೆಂಪು ಚುಕ್ಕೆಯ 34ನ್ನೂ ಒಟ್ಟಿಗೆ ತೆರೆದು ಅಣ್ಣನ ಮುಂದೆ ಮೂರು ಲೋಟ ಇಡುತ್ತೇನೆ. ನಲ್ಲಿ ಬಿಚ್ಚಿ ತೊಳೆದು ಇಟ್ಟದ್ದಾಗಿದೆ. ಕೋಶ, ಒಳಕೊಳವೆ, ವಾಷರ್, ನಟ್ಟು, ನಾಲ್ಕೂ ಕಪಾಟಿನ ಮೇಲೆ ಬಿಳಿ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಒಣಗುತ್ತಿವೆ.